ಭಾನುವಾರ ಒಂದು ಹೆಸರು, ಸೋಮವಾರ ಇನ್ನೊಂದು: ಬೀದರ್ ಸೀಮೆಯ ಮೆಥೋಡಿಸ್ಟ್ ಸಭೆಗಳು ಮತ್ತು ಜಾತಿ ಕಾಲಂ

ಚರ್ಚಿನ ರಿಜಿಸ್ಟರಿನಲ್ಲಿ ಕ್ರೈಸ್ತರು, ಶಾಲೆಯ ಟಿ.ಸಿ.ಯಲ್ಲಿ ಹಿಂದೂ. ಇದು ಮೋಸವೋ, ಬದುಕುವ ದಾರಿಯೋ? 1950ರ ಒಂದು ಆದೇಶ ಲಕ್ಷಾಂತರ ದಲಿತ ಕ್ರೈಸ್ತರನ್ನು ಇಂಥ ಇಕ್ಕಟ್ಟಿಗೆ ಹೇಗೆ ದೂಡಿತು ಅನ್ನೋದರ ವಿವರ ಇಲ್ಲಿದೆ.

ಬೀದರ್ ಅಥವಾ ಕಲಬುರಗಿ ಕಡೆಯ ಯಾವುದಾದರೂ ಮೆಥೋಡಿಸ್ಟ್ ಚರ್ಚಿಗೆ ಭಾನುವಾರ ಬೆಳಗ್ಗೆ ಹೋಗಿ ನೋಡಿ. ಹಾಡು, ಪ್ರಾರ್ಥನೆ, ವಾಕ್ಯ, ಪ್ರಸಂಗ, ಕಾಣಿಕೆ ಎಲ್ಲ ಮುಗಿದ ಮೇಲೆ ಹತ್ತು ನಿಮಿಷ ಪ್ರಕಟಣೆಗಳಿಗೆ ಮೀಸಲು. ಅಲ್ಲಿ ಇಡೀ ಕೇರಿಯ ವಾರದ ಸುದ್ದಿ ಇರುತ್ತೆ. ಯಾರ ಮನೆಯಲ್ಲಿ ಮಗು ಹುಟ್ಟಿದೆ, ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರ ಮದುವೆ ಗೊತ್ತಾಗಿದೆ, ಅದಕ್ಕೆ ಯಾರದಾದರೂ ಆಕ್ಷೇಪಣೆ ಇದೆಯಾ, ಬುಧವಾರದ ಪ್ರಾರ್ಥನಾ ಕೂಟ ಯಾರ ಮನೆಯಲ್ಲಿ, ಸುಗ್ಗಿ ಹಬ್ಬಕ್ಕೆ ಯಾರು ಏನು ತರಬೇಕು. ಪತ್ರಿಕೆ ಓದದವರಿಗೂ ಊರಿನ ವರ್ತಮಾನ ತಲುಪೋದು ಇಲ್ಲೇ.

ಆದರೆ ಈ ಪ್ರಕಟಣೆಗಳಲ್ಲಿ ಮೈಕಿನಲ್ಲಿ ಹೇಳಲಾಗದ, ಅಂಗಳಕ್ಕೆ ಬಂದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಪಿಸುದನಿಯಲ್ಲಿ ಕೇಳುವ ಒಂದು ಪ್ರಶ್ನೆಯೂ ಇದೆ: “ಗಣತಿಯವರು ಮನೆಗೆ ಬಂದ್ರೆ ಏನಂತ ಬರೆಸೋದು?”

2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯಲ್ಲಿ ಈ ಪ್ರಶ್ನೆ ಬೀದಿಗೆ ಬಂತು. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ ಹೇಳಿರುವುದರಿಂದ ಅದು ಮತ್ತೆ ಬಾಗಿಲು ತಟ್ಟಲಿದೆ. ಉತ್ತರ ಯಾಕೆ ಇಷ್ಟು ಕಷ್ಟ? ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೆಥೋಡಿಸ್ಟರು ಅಂದ್ರೆ ಯಾರು?

18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಎಂಬ ಪಾದ್ರಿ ಶುರು ಮಾಡಿದ ಚಳವಳಿ ಇದು. ಆಕ್ಸ್‌ಫರ್ಡ್‌ನಲ್ಲಿ ಅವರ ಗುಂಪಿನ ಶಿಸ್ತಿನ ದಿನಚರಿ ನೋಡಿ ಉಳಿದ ವಿದ್ಯಾರ್ಥಿಗಳು “ಮೆಥೋಡಿಸ್ಟ್” ಅಂತ ಗೇಲಿ ಮಾಡಿದರು. ಅಡ್ಡಹೆಸರೇ ಹೆಸರಾಯಿತು. 1739ರಲ್ಲಿ ವೆಸ್ಲಿ ಚರ್ಚಿನ ಗೋಡೆ ದಾಟಿ ಬ್ರಿಸ್ಟಲ್‌ನ ಬಯಲಿನಲ್ಲಿ, ಚರ್ಚಿನ ಮೆಟ್ಟಿಲೇ ಹತ್ತದ ಗಣಿ ಕಾರ್ಮಿಕರ ಮುಂದೆ ನಿಂತು ಪ್ರಸಂಗ ಮಾಡಿದರು.

1742ರಲ್ಲಿ ಶುರುವಾದ “ಕ್ಲಾಸ್ ಮೀಟಿಂಗ್” ಈ ಚಳವಳಿಯ ಬೆನ್ನೆಲುಬು. ಸುಮಾರು 12 ಜನರ ಒಂದು ಗುಂಪು, ಅದಕ್ಕೊಬ್ಬ ನಾಯಕ, ವಾರಕ್ಕೊಂದು ಪೆನ್ನಿ ವಂತಿಗೆ. ಸಭಾಗೃಹದ ಸಾಲ ತೀರಿಸಲು ಹೊಳೆದ ಉಪಾಯ ಇದು. ಆಮೇಲೆ ಅದೇ ಸಂಘಟನೆಯ ಪಾಠಶಾಲೆ ಆಯಿತು. ಸಭೆ ನಡೆಸೋದು, ಲೆಕ್ಕ ಬರೆಯೋದು, ಎದ್ದು ನಿಂತು ಮಾತಾಡೋದನ್ನು ಸಾಮಾನ್ಯ ಜನ ಅಲ್ಲಿ ಕಲಿತರು. 1834ರಲ್ಲಿ ಕೂಲಿ ಕಾರ್ಮಿಕರ ಸಂಘ ಕಟ್ಟಿದ್ದಕ್ಕೆ ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಟೋಲ್‌ಪಡಲ್‌ನ ಆರು ಜನರಲ್ಲಿ ಹೆಚ್ಚಿನವರು ಮೆಥೋಡಿಸ್ಟರು. ವೆಸ್ಲಿ ಸಾಯುವ ಕೆಲವೇ ದಿನ ಮುಂಚೆ, 1791ರಲ್ಲಿ, ಗುಲಾಮಗಿರಿಯ ವಿರುದ್ಧದ ಹೋರಾಟ ಬಿಡಬೇಡ ಅಂತ ಸಂಸದ ವಿಲ್ಬರ್‌ಫೋರ್ಸ್‌ಗೆ ಕಾಗದ ಬರೆದಿದ್ದರು. ಹಾಗಂತ ಈ ಪರಂಪರೆ ಪೂರ್ತಿ ಶುದ್ಧವೂ ಅಲ್ಲ. ಅಮೆರಿಕದ ಮೆಥೋಡಿಸ್ಟ್ ಚರ್ಚು 1844ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೇ ಎರಡು ಹೋಳಾಯಿತು.

ಕರ್ನಾಟಕಕ್ಕೆ ಬಂದಿದ್ದು ಎರಡು ದಾರಿಯಲ್ಲಿ

ಹಳೇ ಮೈಸೂರಿಗೆ ಬಂದವರು ಬ್ರಿಟನ್ನಿನ ವೆಸ್ಲಿಯನ್ ಮಿಷನ್‌ನವರು. ಮೈಸೂರಿನ ವೆಸ್ಲಿ ಪ್ರೆಸ್, ಹಾರ್ಡ್‌ವಿಕ್ ಶಾಲೆ, ಜನ ಈಗಲೂ “ಮಿಷನ್ ಆಸ್ಪತ್ರೆ” ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಎಲ್ಲ ಅವರವು. ಈ ಧಾರೆ 1947ರ ಸೆಪ್ಟೆಂಬರ್ 27ರಂದು ಬೇರೆ ಪ್ರಾಟೆಸ್ಟೆಂಟ್ ಸಭೆಗಳ ಜೊತೆ ಸೇರಿ ಸಿ.ಎಸ್.ಐ. ಆಯಿತು.

ಇನ್ನೊಂದು ಧಾರೆ ಅಮೆರಿಕನ್ನರದು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು, ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ, ಬೀದರಿನ ಮಂಗಲಪೇಟೆಯ ಚರ್ಚು, ನಾರ್ಮಾ ಫೆಂಡ್ರಿಕ್ ಆಸ್ಪತ್ರೆ ಈ ಸಾಲಿನವು. ಇವರು ಸಿ.ಎಸ್.ಐ. ಸೇರಲಿಲ್ಲ. 1981ರಲ್ಲಿ “ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ” ಎಂಬ ಸ್ವಾಯತ್ತ ಸಭೆಯಾದರು. ಇವತ್ತು ನಾವು ರಾಜ್ಯದಲ್ಲಿ “ಮೆಥೋಡಿಸ್ಟ್” ಅಂತ ಬೋರ್ಡ್ ನೋಡೋದು ಹೆಚ್ಚಾಗಿ ಇವರ ಚರ್ಚುಗಳ ಮೇಲೆ.

ಈ ಸಭೆಯ ಆಡಳಿತದ ಬಗ್ಗೆ ಒಂದು ಮಾತು ಗೊತ್ತಿರಲಿ. ಪಾಸ್ಟರನ್ನು ಸಭೆಯವರು ಆರಿಸಿಕೊಳ್ಳೋದಿಲ್ಲ, ಬಿಷಪ್ ನೇಮಿಸುತ್ತಾರೆ. ಕಾನ್ಫರೆನ್ಸ್ ಸೇರಿದಾಗ ಕೊನೆಯಲ್ಲಿ ನೇಮಕದ ಪಟ್ಟಿ ಓದುತ್ತಾರೆ. ಅದನ್ನು ಕೇಳಿಸಿಕೊಂಡ ಪಾಸ್ಟರ್ ಕುಟುಂಬ ಸಾಮಾನು ಕಟ್ಟಬೇಕು. ನಾಲ್ಕು ವರ್ಷ ಕೇರಿಯ ಎಲ್ಲ ಸಾವು ನೋವಿಗೂ ಆದ “ಅಯ್ಯನವರು” ಒಂದು ದಿನ ಲಾರಿ ಹತ್ತುತ್ತಾರೆ. ಪಾಸ್ಟರ್‌ಗಳು ಬಂದು ಹೋಗುತ್ತಾರೆ, ಸಭೆಯನ್ನು ಹಿಡಿದಿಡೋದು ಕೇರಿಯ ಜನ, ಅದರಲ್ಲೂ ಹೆಂಗಸರು.

ಚರ್ಚು ಅಂದ್ರೆ ಕೇರಿ

ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 19ನೇ ಶತಮಾನದ ಕೊನೆಯಿಂದ 20ನೇ ಶತಮಾನದ ಮೊದಲ ದಶಕಗಳವರೆಗೆ ಈ ಸೀಮೆಯಲ್ಲಿ ಕ್ರೈಸ್ತರಾದವರು ಒಬ್ಬೊಬ್ಬರಾಗಿ ಬಂದವರು ಕಡಿಮೆ. ಮನೆಮನೆಗಳೇ, ಕೆಲವೆಡೆ ಅರ್ಧ ಕೇರಿಯೇ ಒಟ್ಟಿಗೆ ದೀಕ್ಷಾಸ್ನಾನ ತೆಗೆದುಕೊಂಡಿತು. ಬಹುಪಾಲು ಅಸ್ಪೃಶ್ಯ ಸಮುದಾಯದವರು, ಅವರಲ್ಲೂ ಮಾದಿಗರು ದೊಡ್ಡ ಸಂಖ್ಯೆಯಲ್ಲಿ. ಊರ ಬಾವಿಯ ನೀರು ಸಿಗದ, ಗುಡಿಯ ಒಳಗೆ ಕಾಲಿಡಲಾಗದ ಜನಕ್ಕೆ ಒಂದು ಸಭೆ ಸಿಕ್ಕಿತು. ಜೊತೆಗೆ ಅಕ್ಷರ, ಹಾಸ್ಟೆಲ್, ನರ್ಸಿಂಗ್ ತರಬೇತಿ.

ಹಾಗಾಗಿ ಇಲ್ಲಿ ಚರ್ಚು ಎದ್ದು ನಿಂತಿದ್ದು ಕೇರಿಯ ಒಳಗೇ. ವಿಳಾಸ ಬದಲಾಗಲಿಲ್ಲ, ನೆಂಟಸ್ತಿಕೆ ಬದಲಾಗಲಿಲ್ಲ. ಒಂದೇ ಮನೆತನದಲ್ಲಿ ಅಣ್ಣನ ಕುಟುಂಬ ಚರ್ಚಿಗೆ, ತಮ್ಮನ ಕುಟುಂಬ ಮರಗಮ್ಮನ ಗುಡಿಗೆ ಹೋಗೋದು ಹೊಸತಲ್ಲ. ಮದುವೆಗೆ ಇಬ್ಬರೂ ಒಟ್ಟಿಗೆ ಉಣ್ಣುತ್ತಾರೆ. ಡೋಲಕ್ ಮತ್ತು ತಾಳದ ಜೊತೆ ಹಾಡುವ ಕನ್ನಡ, ತೆಲುಗು, ಮರಾಠಿ ಭಜನೆಗಳ ಧಾಟಿ ಈ ನೆಲದ್ದೇ. ಪ್ರತಿ ವರ್ಷ ನವೆಂಬರ್‌ನಲ್ಲಿ ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ಮೆಥೋಡಿಸ್ಟರ ದೊಡ್ಡ ಜಾತ್ರೆ ನಡೆಯುತ್ತೆ. ಬೀದರ್, ಕಲಬುರಗಿಯಿಂದಲೂ ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ಬಯಲಲ್ಲಿ ಡೇರೆ ಹಾಕುತ್ತಾರೆ. ಅಧಿಕೃತವಾಗಿ ಆರಾಧನೆಗಳ ಸರಣಿ. ಹೆಸರು ಮಾತ್ರ ಜಾತ್ರೆ. ರಾಜ್ಯದ ಗಡಿ 1956ರಲ್ಲಿ ಬದಲಾಯಿತು, ಈ ದಾರಿ ಬದಲಾಗಲಿಲ್ಲ.

ಬದಲಾಗದೆ ಉಳಿದಿದ್ದು ಇನ್ನೊಂದಿದೆ. ಮೇಲ್ಜಾತಿ ಓಣಿಯ ಕಣ್ಣಿಗೆ ಇವರು ಮೊದಲೂ ಕೇರಿಯವರು, ಈಗಲೂ ಕೇರಿಯವರೇ. ಬಾಡಿಗೆ ಮನೆ ಕೇಳಲು ಹೋದವರ ಹೆಸರು “ಸುಜಾತಾ”ನೋ “ಗ್ರೇಸ್”ಓ ಅನ್ನೋದಕ್ಕಿಂತ “ಯಾವ ಓಣಿಯವರು” ಅನ್ನೋ ಪ್ರಶ್ನೆಯೇ ಮುಖ್ಯ. ಈ ಅಂಶ ನೆನಪಿನಲ್ಲಿರಲಿ, ಮುಂದಿನ ಕಾನೂನಿನ ಕಥೆಗೆ ಇದೇ ಬುಡ.

1950ರ ಆದೇಶದಲ್ಲಿ ಏನಿದೆ?

ಸಂವಿಧಾನದ 341ನೇ ವಿಧಿ ಯಾವ ಜಾತಿಗಳು ಪರಿಶಿಷ್ಟ ಅಂತ ಅಧಿಸೂಚನೆ ಹೊರಡಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಡುತ್ತೆ. ಆ ವಿಧಿಯಲ್ಲಿ ಧರ್ಮದ ಮಾತಿಲ್ಲ. ಆದರೆ 1950ರ ಆಗಸ್ಟ್ 10ರಂದು ಹೊರಬಂದ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ, ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸುವವರನ್ನು ಪರಿಶಿಷ್ಟ ಜಾತಿಯವರು ಅಂತ ಪರಿಗಣಿಸುವಂತಿಲ್ಲ ಅಂದಿತು. ಆಗ ವಿನಾಯಿತಿ ಇದ್ದಿದ್ದು ಕೆಲವೇ ಸಿಖ್ ಜಾತಿಗಳಿಗೆ. 1956ರಲ್ಲಿ ಎಲ್ಲ ದಲಿತ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರು ಮತ್ತು ಮುಸ್ಲಿಮರು ಇಂದಿಗೂ ಹೊರಗೆ. ದಲಿತ ಕ್ರೈಸ್ತ ಸಂಘಟನೆಗಳು ಆಗಸ್ಟ್ 10ನ್ನು ಕರಾಳ ದಿನ ಅಂತ ಆಚರಿಸೋದು ಇದಕ್ಕೇ.

ಹೋಲಿಕೆಗೆ ನೋಡಿ: ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತು ಇಲ್ಲ. ಎಸ್.ಟಿ. ವ್ಯಕ್ತಿ ಕ್ರೈಸ್ತರಾದರೂ ಎಸ್.ಟಿ.ಯೇ.

ಇನ್ನೂ ಒಂದು ವಿಚಿತ್ರ ಇದೆ. ಕ್ರೈಸ್ತ ಕುಟುಂಬದವರು ಹಿಂದೂ ಧರ್ಮಕ್ಕೆ ಮರಳಿ, ತಮ್ಮ ಪೂರ್ವಿಕರ ಜಾತಿಯನ್ನು ಸಾಬೀತು ಮಾಡಿ, ಆ ಸಮುದಾಯವೂ ಒಪ್ಪಿದರೆ ಎಸ್.ಸಿ. ಸ್ಥಾನ ವಾಪಸ್ ಸಿಗುತ್ತೆ ಅಂತ 2015ರಲ್ಲಿ ಕೆ.ಪಿ. ಮನು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದ್ರೆ ತಲೆಮಾರುಗಳು ಕಳೆದರೂ ಜಾತಿ ಎಲ್ಲೂ ಹೋಗಿರೋದಿಲ್ಲ ಅನ್ನೋದನ್ನು ಕಾನೂನೂ ಒಪ್ಪುತ್ತೆ. ಕ್ರೈಸ್ತರಾಗಿರುವಷ್ಟು ಕಾಲ ಮಾತ್ರ ಅದು ಕಾಣೋದಿಲ್ಲ ಅಷ್ಟೇ.

ಒಂದು ಮನೆಯ ಲೆಕ್ಕ

ಒಂದು ಊಹೆ ಮಾಡಿಕೊಳ್ಳಿ. ಒಂದೇ ಮನೆಯ ಅಣ್ಣ, ತಂಗಿ. ಇಬ್ಬರದ್ದೂ ಅದೇ ಕೇರಿ, ಅದೇ ಚರ್ಚು. ಅಣ್ಣನನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು “ಹಿಂದೂ, ಮಾದಿಗ” ಅಂತ ಬರೆದರು. ತಂಗಿಯನ್ನು ಮಿಷನ್ ಶಾಲೆಗೆ ಸೇರಿಸುವಾಗ “ಕ್ರಿಶ್ಚಿಯನ್” ಅಂತ ಬರೆದರು. ಹತ್ತು ವರ್ಷದ ಮೇಲೆ ಇಬ್ಬರೂ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತಾರೆ.

ಅಣ್ಣ ಎಸ್.ಸಿ.; ರಾಜ್ಯದಲ್ಲಿ 17% ಮೀಸಲಾತಿಯ ಪಾಲು. ತಂಗಿ “ಕ್ರೈಸ್ತ ಧರ್ಮಕ್ಕೆ ಮತಾಂತರಗೊಂಡ ಪರಿಶಿಷ್ಟ ಜಾತಿ”ಯಾಗಿ ಪ್ರವರ್ಗ-1ಕ್ಕೆ. ಅಲ್ಲಿರುವ 4% ಅನ್ನು ಹತ್ತಾರು ಅಲೆಮಾರಿ, ಅರೆ ಅಲೆಮಾರಿ ಸಮುದಾಯಗಳ ಜೊತೆ ಹಂಚಿಕೊಳ್ಳಬೇಕು. ದಾಖಲೆಯಲ್ಲಿ ಮೂಲ ಜಾತಿ ಇಲ್ಲದೆ ಬರೀ “ಕ್ರಿಶ್ಚಿಯನ್” ಅಂತಿದ್ದರೆ ಪ್ರವರ್ಗ-3ಬಿ.

ಇಷ್ಟಕ್ಕೇ ಮುಗಿಯೋದಿಲ್ಲ. ಔರಾದ್, ಚಿಂಚೋಳಿಯಂಥ ಮೀಸಲು ವಿಧಾನಸಭಾ ಕ್ಷೇತ್ರದಲ್ಲಿ, ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ, ಊರಿನ ಪಂಚಾಯಿತಿಯ ಎಸ್.ಸಿ. ಸ್ಥಾನದಲ್ಲಿ ಅಣ್ಣ ನಿಲ್ಲಬಹುದು, ತಂಗಿ ಮತ ಮಾತ್ರ ಹಾಕಬಹುದು. ಎಸ್.ಸಿ.ಎಸ್.ಪಿ. ಹಣದ ಯೋಜನೆಗಳು ಅಣ್ಣನಿಗೆ ಮಾತ್ರ. ಎಲ್ಲಕ್ಕಿಂತ ಗಂಭೀರವಾದದ್ದು: ಜಾತಿ ಹೆಸರು ಹಿಡಿದು ಇಬ್ಬರಿಗೂ ಬೈದರೆ, ಹೊಡೆದರೆ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಒಬ್ಬರಿಗೆ. 2025ರಲ್ಲಿ ಆಂಧ್ರ ಹೈಕೋರ್ಟ್ ಒಬ್ಬ ಪಾಸ್ಟರ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಕ್ರೈಸ್ತರಾದ ಮೇಲೆ ಆ ಕಾಯ್ದೆಯ ಅಡಿ ದೂರು ನಿಲ್ಲದು. ಬೈದವರು ಬೈಯುವ ಮುಂಚೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳಿರಲಿಲ್ಲ.

ಈಗ ಹೇಳಿ, ಮಕ್ಕಳನ್ನು ಶಾಲೆಗೆ ಸೇರಿಸುವ ದಿನ ಅಪ್ಪ ಅಮ್ಮ ಏನು ಬರೆಸಬೇಕು?

“ಸಂವಿಧಾನಕ್ಕೆ ಮಾಡಿದ ವಂಚನೆ”?

ಬಹಳಷ್ಟು ಮನೆಗಳು ಕಂಡುಕೊಂಡ ಉತ್ತರ ನಿಮಗೆ ಗೊತ್ತು. ಕಾಗದದಲ್ಲಿ ಹಿಂದೂ, ಭಾನುವಾರ ಚರ್ಚು. 2011ರ ಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು 1.87%. ಈ ಅಂಕಿಯಲ್ಲಿ ಇಂಥ ಮನೆಗಳು ಸೇರಿರೋದಿಲ್ಲ.

2024ರ ನವೆಂಬರ್‌ನಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯ ಮೇಲೆ ಕಠಿಣ ಮಾತಾಡಿತು. ಪುದುಚೇರಿಯ ಮಹಿಳೆಯೊಬ್ಬರು ಎಸ್.ಸಿ. ಪ್ರಮಾಣಪತ್ರ ಕೇಳಿದ್ದರು, ಅವರಿಗೆ ದೀಕ್ಷಾಸ್ನಾನ ಆಗಿತ್ತು, ಚರ್ಚಿಗೆ ನಿಯಮಿತವಾಗಿ ಹೋಗುತ್ತಿದ್ದರು ಅನ್ನೋದು ದಾಖಲಾಗಿತ್ತು. ನಂಬಿಕೆ ಇಲ್ಲದೆ ಮೀಸಲಾತಿಗೋಸ್ಕರ ಮಾತ್ರ ತಾನು ಹಿಂದೂ ಅಂತ ಹೇಳಿಕೊಳ್ಳೋದು ಸಂವಿಧಾನಕ್ಕೆ ಮಾಡುವ ವಂಚನೆ ಅಂತ ಕೋರ್ಟ್ ಅಂದಿತು.

ಕಾನೂನು ಇರುವ ಹಾಗೆ ಓದಿದರೆ ಕೋರ್ಟಿನ ತರ್ಕ ಅರ್ಥವಾಗುತ್ತೆ. ಆದರೆ ಪ್ರಶ್ನೆ ಇರೋದು ಕಾನೂನಿನ ಬುಡದಲ್ಲೇ. ಒಂದು ನಂಬಿಕೆಯನ್ನು ಬಹಿರಂಗವಾಗಿ ಹೇಳಿದರೆ ಹಕ್ಕು ಹೋಗುತ್ತೆ ಅಂತ ನಿಯಮ ಮಾಡಿದ್ದು ಪ್ರಭುತ್ವ. ಅದಕ್ಕೆ ಹೆದರಿ ಬಚ್ಚಿಟ್ಟರೆ ವಂಚನೆ ಅನ್ನೋದೂ ಪ್ರಭುತ್ವವೇ. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಇದಕ್ಕೆ ಇನ್ನೊಂದು ಬೀಗ ಹಾಕಿತು. ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾಡಳಿತಕ್ಕೆ ತಿಳಿಸಬೇಕು, ಎಸ್.ಸಿ., ಎಸ್.ಟಿ., ಮಹಿಳೆಯರನ್ನು “ಅಕ್ರಮವಾಗಿ” ಮತಾಂತರಿಸಿದರೆ 3ರಿಂದ 10 ವರ್ಷ ಜೈಲು. ಕಾಯ್ದೆ ಹಿಂಪಡೆಯಲು 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತಾದರೂ, “ದಾಖಲೆಯಲ್ಲಿ ನಿಜ ಹೇಳಿದರೆ ಕಷ್ಟ” ಅನ್ನೋ ಭಯ ಕೇರಿಗಳಲ್ಲಿ ಬೇರು ಬಿಟ್ಟಾಗಿದೆ.

2025ರಲ್ಲಿ ಏನಾಯಿತು?

ಒಂದೇ ವರ್ಷ ಎರಡು ಎಣಿಕೆ ಬಂತು. ಮೊದಲನೆಯದು ಒಳಮೀಸಲಾತಿಗಾಗಿ ನ್ಯಾ. ನಾಗಮೋಹನ್ ದಾಸ್ ಆಯೋಗ ಮಾಡಿದ ಎಸ್.ಸಿ. ಸಮೀಕ್ಷೆ. ದಶಕಗಳ ಹೋರಾಟದ ಫಲ ಅದು. ಮಾದಿಗ ಸಂಘಟನೆಗಳು ಊರೂರು ತಿರುಗಿ, ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನಬೇಡಿ, “ಮಾದಿಗ” ಅಂತಲೇ ಬರೆಸಿ ಅಂದವು. ತಲೆ ಎಣಿಕೆಯೇ ಪಾಲಿನ ಲೆಕ್ಕ. ಆಗಸ್ಟ್‌ನಲ್ಲಿ ಸರ್ಕಾರ 17% ಅನ್ನು 6:6:5 ಅಂತ ಹಂಚಿತು. ಚರ್ಚಿಗೆ ಹೋಗುವ ಮಾದಿಗ ಮನೆ ಆವತ್ತು “ಕ್ರಿಶ್ಚಿಯನ್” ಅಂದಿದ್ದರೆ ತನ್ನ ಸಮುದಾಯದ ಲೆಕ್ಕದಲ್ಲಿ ಅಷ್ಟು ತಲೆ ಕಡಿಮೆ.

ಮರುತಿಂಗಳೇ ಎರಡನೆಯದು. ಹಿಂದುಳಿದ ವರ್ಗಗಳ ಆಯೋಗದ ಪಟ್ಟಿಯಲ್ಲಿ “ಮಾದಿಗ ಕ್ರಿಶ್ಚಿಯನ್” ಥರದ ಹೆಸರುಗಳಿವೆ ಅಂತ ಗೊತ್ತಾಗಿದ್ದೇ ಗದ್ದಲ ಎದ್ದಿತು. ಹಿಂದೂ ಜಾತಿಗಳಿಗೆ ಕ್ರಿಶ್ಚಿಯನ್ ಹೆಸರು ಅಂಟಿಸುತ್ತಿದ್ದಾರೆ, ಮತಾಂತರಕ್ಕೆ ಕುಮ್ಮಕ್ಕು ಅಂತ ಬಿಜೆಪಿ ಆರೋಪಿಸಿತು. ಗಣತಿದಾರರ ಆ್ಯಪ್‌ನ ಪಟ್ಟಿಯಿಂದ ಅಂಥ ಹೆಸರುಗಳನ್ನು ತೆಗೆಯಲಾಯಿತು. ಬೇಕಾದವರು ತಾವಾಗಿ ಹೇಳಿ ಬರೆಸಬಹುದು ಅಂತ ಆಯೋಗ ಹೇಳಿತು. ಸಮೀಕ್ಷೆಗೆ ತಡೆ ಕೊಡದ ಹೈಕೋರ್ಟ್, ಮಾಹಿತಿ ಕೊಡೋದು ಜನರ ಇಚ್ಛೆಗೆ ಬಿಟ್ಟದ್ದು ಅಂದಿತು.

ಗಮನಿಸಿ, ಈ ಜಗಳದಲ್ಲಿ ಎಲ್ಲರೂ ಮಾತಾಡಿದರು. ಎರಡೂ ಹೆಸರನ್ನು ಹೊತ್ತು ಬದುಕುತ್ತಿರುವವರ ಮಾತು ಮಾತ್ರ ಕೇಳಲಿಲ್ಲ. “ಮಾದಿಗ ಕ್ರಿಶ್ಚಿಯನ್” ಅನ್ನೋದು ಯಾವುದೋ ಕಚೇರಿ ಕಟ್ಟಿದ ಹೆಸರು ಅನ್ನಿಸಬಹುದು. ಪ್ರವರ್ಗ-1ರ ಪ್ರಮಾಣಪತ್ರ ಪಡೆಯೋಕೆ ಬೇಕಾದ ನಿಜ ಇದೇ: ಜಾತಿಯೂ ಇದೆ, ಧರ್ಮವೂ ಇದೆ.

ವಿರೋಧಿಸುವವರ ವಾದ ಏನು?

ಎರಡು ವಾದಗಳನ್ನು ಗಂಭೀರವಾಗಿ ನೋಡಬೇಕು.

ಒಂದು, “ಕ್ರೈಸ್ತ ಧರ್ಮದಲ್ಲಿ ಜಾತಿ ಇಲ್ಲವಲ್ಲ.” ಗ್ರಂಥದಲ್ಲಿ ಇಲ್ಲ, ನಿಜ. ಸಿಖ್ ಮತ್ತು ಬೌದ್ಧ ಧರ್ಮದಲ್ಲೂ ಇಲ್ಲ. ಆದರೂ ಅವರನ್ನು ಸೇರಿಸಿದ್ದು, ಜಾತಿ ಇರೋದು ಗ್ರಂಥದಲ್ಲಲ್ಲ ಸಮಾಜದಲ್ಲಿ ಅಂತ ಒಪ್ಪಿದ್ದರಿಂದಲೇ. 1985ರ ಸೂಸೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಳಿದ್ದು, ಮತಾಂತರದ ನಂತರವೂ ಅದೇ ಮಟ್ಟದ ಹಿಂದುಳಿದಿರುವಿಕೆ ಮುಂದುವರಿದಿದೆ ಅನ್ನೋದಕ್ಕೆ ಪುರಾವೆ ಎಲ್ಲಿ ಅಂತ. ಆಮೇಲೆ 2007ರ ರಂಗನಾಥ ಮಿಶ್ರಾ ಆಯೋಗ ಎಸ್.ಸಿ. ಸ್ಥಾನವನ್ನು ಧರ್ಮದಿಂದ ಬಿಡಿಸಿ ಅಂತ ಶಿಫಾರಸು ಮಾಡಿತು. ಅಲ್ಪಸಂಖ್ಯಾತರ ರಾಷ್ಟ್ರೀಯ ಆಯೋಗಕ್ಕಾಗಿ ಸಮಾಜಶಾಸ್ತ್ರಜ್ಞ ಸತೀಶ್ ದೇಶಪಾಂಡೆ 2008ರಲ್ಲಿ ಮಾಡಿದ ಅಧ್ಯಯನವೂ ಇವರನ್ನು ಸೇರಿಸಲು ಬಲವಾದ ಆಧಾರ ಇದೆ ಅಂದಿತು.

ಎರಡು, “ಈಗಿರುವ ಎಸ್.ಸಿ. ಪಾಲಿಗೆ ಹೊಸಬರು ಬಂದರೆ ನಮಗೇನು ಉಳಿಯುತ್ತೆ?” ಮಿಷನ್ ಶಾಲೆಯಲ್ಲಿ ಓದಿದವರು ಮುಂದೆ ಹೋಗಿಬಿಡುತ್ತಾರೆ ಅನ್ನೋ ಆತಂಕ ಅನೇಕ ದಲಿತ ಸಂಘಟನೆಗಳಲ್ಲಿದೆ. ಇದು ಕೋಮುವಾದಿ ವಾದ ಅಲ್ಲ, ಹಸಿದವರ ವಾದ. ಇದನ್ನು ತಳ್ಳಿಹಾಕಿ ಮುಂದೆ ಹೋಗೋಕಾಗಲ್ಲ. ಮೀಸಲಾತಿಯ ಒಟ್ಟು ಪ್ರಮಾಣ ಹೆಚ್ಚಿಸೋದು, ಒಳಮೀಸಲಾತಿಯೊಳಗೇ ಪ್ರತ್ಯೇಕ ಪಾಲು ಕೊಡೋದು ಇಂಥ ದಾರಿಗಳನ್ನು ಚರ್ಚಿಸಬೇಕು. ಒಳಮೀಸಲಾತಿಯನ್ನು 2024ರ ಆಗಸ್ಟ್ 1ರ ತೀರ್ಪು ಒಪ್ಪಿರುವುದರಿಂದ ಈ ದಾರಿ ಈಗ ಬರೀ ಕಲ್ಪನೆಯಲ್ಲ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯಂತೂ ಹಂಚಿದರೆ ಕಡಿಮೆಯಾಗುವ ವಸ್ತುವಲ್ಲ; ಅದನ್ನು ಮೊದಲು ವಿಸ್ತರಿಸಲು ಯಾರ ಪಾಲೂ ಕಿತ್ತುಕೊಳ್ಳಬೇಕಿಲ್ಲ.

ಚರ್ಚಿಗೂ ಒಂದು ಪ್ರಶ್ನೆ

ಸರ್ಕಾರವನ್ನು ಕೇಳುವಷ್ಟೇ ಜೋರಾಗಿ ಚರ್ಚನ್ನೂ ಕೇಳಬೇಕು. ನಗರದ ಇಂಗ್ಲಿಷ್ ಸಭೆಗಳಿಗೆ ಇರುವ ಹಣ, ಶಾಲೆ, ಆಸ್ತಿ ಕೇರಿಯ ಸಭೆಗಳಿಗೆ ಎಷ್ಟು ತಲುಪಿದೆ? ಪ್ರಸಿದ್ಧ ಮಿಷನ್ ಶಾಲೆಗಳಲ್ಲಿ ಬೀದರ್ ಕೇರಿಯ ಮಗುವಿಗೆ ಸೀಟು, ಶುಲ್ಕ ರಿಯಾಯಿತಿ ಸಿಗುತ್ತಾ? “ಕ್ರಿಸ್ತನಲ್ಲಿ ನಾವೆಲ್ಲ ಒಂದು” ಅನ್ನುವ ಪ್ರಸಂಗ ಮುಗಿದ ಮೇಲೆ ಮದುವೆ ಸಂಬಂಧ ಹುಡುಕುವಾಗ ಜಾತಿ ನೋಡುವುದನ್ನು ಯಾರು ಪ್ರಶ್ನಿಸುತ್ತಾರೆ? ಜಾತಿಯ ಮಾತೆತ್ತಿದರೆ ಐಕ್ಯಕ್ಕೆ ಧಕ್ಕೆ ಅಂತ ಬಾಯಿ ಮುಚ್ಚಿಸುವ ಸಭೆ, ದೆಹಲಿಯ ಮುಂದೆ ಮಾತ್ರ ದಲಿತ ಕ್ರೈಸ್ತರ ಹಕ್ಕು ಕೇಳಿದರೆ ಅದಕ್ಕೆ ತೂಕ ಬರೋದಿಲ್ಲ. ಈ ಪ್ರಶ್ನೆಗಳನ್ನು ಕೇಳಬೇಕಾದವರು ಯೂತ್ ಫೆಲೋಶಿಪ್‌ನ ಹುಡುಗ ಹುಡುಗಿಯರು.

ಮುಂದೇನು?

1950ರ ಆದೇಶವನ್ನು ಪ್ರಶ್ನಿಸಿದ ಅರ್ಜಿ 2004ರಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಇನ್ನೊಂದು ಆಯೋಗ ರಚಿಸಿತು. ಎರಡು ವರ್ಷದ ಗಡುವು ಕೊಟ್ಟು, ಆಮೇಲೆ ಅವಧಿ ವಿಸ್ತರಿಸಿತು. ಬದಲಾವಣೆಗೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. 1956 ಮತ್ತು 1990ರಲ್ಲಿ ಮಾಡಿದಂತೆ ಸಂಸತ್ತು ಸರಳ ಕಾನೂನಿನ ಮೂಲಕ 3ನೇ ಪ್ಯಾರಾ ತಿದ್ದಬಹುದು. ಕೊರತೆ ಇರೋದು ರಾಜಕೀಯ ಇಚ್ಛೆಯದು.

ಅಲ್ಲಿವರೆಗೆ 2027ರ ಗಣತಿ ಬರುತ್ತೆ. ಗಣತಿಯವರು ಕೇರಿಗೆ ಬರುತ್ತಾರೆ. ಅದರ ಹಿಂದಿನ ಭಾನುವಾರ ಆರಾಧನೆಯ ಕೊನೆಗೆ ಪ್ರಕಟಣೆಗಳ ಹೊತ್ತು. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ, ಸ್ತ್ರೀ ಸಮಾಜದ ಕೂಟ, ಹೊಸ ಪಾಸ್ಟರ್ ಬರುವ ದಿನ. ಗಣತಿಯ ಬಗ್ಗೆ ಒಂದೇ ಸಾಲು: “ಎಲ್ಲರೂ ಮನೆಯಲ್ಲಿದ್ದು ಸರಿಯಾದ ಮಾಹಿತಿ ಕೊಡಿ.”

ಸರಿಯಾದ ಮಾಹಿತಿ ಯಾವುದು ಅಂತ ಯಾರೂ ಕೇಳೋದಿಲ್ಲ. ಅಂಗಳಕ್ಕೆ ಬಂದ ಮೇಲೆ ಕೇಳುತ್ತಾರೆ.